ಹೊಲದಿಂದ ಎದ್ದ ಪೇಟೆಗಳು

ಎಳ್ಳ ಅಮಾವಾಸ್ಯೆಗೆ ಇನ್ನು ಒಂದೇ ದಿನ. ಬೀದರದಲ್ಲಿ ಬೆಳಗಿನ ಆರು ಗಂಟೆ, ಚಳಿಗೆ ಬೆರಳು ಸೆಟೆದಿವೆ. ಚೌಬಾರಾದ ಬುಡದಲ್ಲಿ ಚಹಾದವನು ಮೊದಲ ಪಾತ್ರೆ ಇಳಿಸುತ್ತಿದ್ದಾನೆ. ತಲೆ ಎತ್ತಿದರೆ 71 ಅಡಿ ಎತ್ತರದ ದುಂಡು ಗೋಪುರ. ಹಳೇ ಊರಿನ ನಾಲ್ಕೂ ಹಾದಿ ಇಲ್ಲಿಗೇ ಬಂದು ಕೂಡುತ್ತವೆ. ಕೋಟೆಯ ಕಡೆಗಿನ ಹಾದಿ ಹಿಡಿದರೆ 1472ರ ಮಹಮೂದ್ ಗವಾನನ ಮದರಸಾ ಸಿಗುತ್ತದೆ. ಆದರೆ ಪ್ರವಾಸಿಗಳು ಇನ್ನೂ ಎದ್ದಿಲ್ಲ. ಈಗ ಬೀದಿಯಲ್ಲಿರುವವರು ಹಾಲಿನವರು, ಪೇಪರಿನ ಹುಡುಗರು, ನಮಾಜು ಮುಗಿಸಿ ಮನೆಗೆ ಹೊರಟ ಹಿರಿಯರು, ತಲೆಯ ಮೇಲೆ ಪಲ್ಲೆಯ ಬುಟ್ಟಿ ಹೊತ್ತು ಹಳ್ಳಿಯಿಂದ ಆಗಲೇ ಬಂದಿಳಿದ ಹೆಣ್ಣುಮಕ್ಕಳು.

ಚಹಾ ಕುಡಿಯುತ್ತ ಸುತ್ತಲೂ ನೋಡಿ. ಸ್ವಾತಂತ್ರ್ಯ ಬಂದಾಗ ಬೀದರ ಎಂದರೆ ಬಹುಪಾಲು ಇಷ್ಟೇ. ಶಹಾಗಂಜ್, ಫತೇ, ಮಂಗಲಪೇಟೆ, ತಲಘಾಟ್, ದುಲ್ಹನ್ ಎಂಬ ದರವಾಜಾಗಳ ಒಳಗಿನ ಊರು. ಓಣಿಗಳಿಗೆ ಇವತ್ತೂ ತಾಲೀಮುಗಳ ಹೆಸರಿದೆ: ನೂರಖಾನ್ ತಾಲೀಮ್, ಪನ್ಸಾಲ್ ತಾಲೀಮ್, ಮಣಿಯಾರ್ ತಾಲೀಮ್, ಸಿದ್ದಿಕ್ ತಾಲೀಮ್. ಗರಡಿಮನೆಗಳ ಸುತ್ತ ಓಣಿ, ಓಣಿಯ ನಡುವೆ ಸೇದುವ ಬಾವಿ, ಮಣ್ಣಿನ ಮಾಳಗಿಯ ಮನೆ, ಮನೆಯ ಮುಂದೆ ಕಟ್ಟೆ. ಗಾಡಿ ಎಂದರೆ ಎತ್ತಿನ ಗಾಡಿ ಅಥವಾ ಟಾಂಗಾ. ಸಂಜೆಯ ಮೇಲೆ ದರವಾಜಾದಾಚೆ ಹೋಗಲು ಮಂದಿಗೆ ಕೆಲಸವೇ ಇರಲಿಲ್ಲ, ಆಚೆ ಇದ್ದದ್ದು ಹೊಲ.

ಪಕ್ಕದ ಕಟ್ಟೆಯ ಮೇಲೆ ಕೂತ ಮುತ್ಯಾನಿಗೆ ಎಂಬತ್ತೈದು ದಾಟಿದೆ. ದಸ್ತಿಯನ್ನು ಕಿವಿಗೆ ಸುತ್ತಿಕೊಂಡಿದ್ದಾನೆ. ಆ ದಿನಗಳ ಮಾತು ಕೇಳಿದರೆ ಮೊದಲು ಹೇಳುವುದು ರೊಕ್ಕದ ಸುದ್ದಿ. "ಆವಾಗ ಹಾಲಿ ರೂಪಾಯಿ ಬ್ಯಾರೆ, ಕಲ್ದಾರ ಬ್ಯಾರೆ. ಸೊಲ್ಲಾಪೂರಕ್ಕ ಹೋಗ್ಬೇಕಂದ್ರ ರೊಕ್ಕ ಬದ್ಲಿ ಮಾಡ್ಬೇಕು." ಖರೆಯೇ. ನಿಜಾಮರ ಹಾಲಿ ಸಿಕ್ಕ ಏಳು ಕೊಟ್ಟರೆ ಇಂಗ್ರೇಜಿ ಸರಕಾರದ ಕಲ್ದಾರ ಆರು. ಕಚೇರಿಯ ಕಾಗದ ಉರ್ದುವಿನಲ್ಲಿ, ಶಾಲೆಯ ಪಾಠ ಉರ್ದುವಿನಲ್ಲಿ, ಮನೆಯ ಮಾತು ಕನ್ನಡದಲ್ಲೋ ಮರಾಠಿಯಲ್ಲೋ ದಖನಿಯಲ್ಲೋ.

ಆಮೇಲೆ ಮುತ್ಯಾ ದನಿ ಇಳಿಸುತ್ತಾನೆ. 1948ರ ಸುದ್ದಿಯನ್ನು ಈ ಊರಿನ ಹಿರಿಯರು ಇವತ್ತೂ ದೊಡ್ಡ ದನಿಯಲ್ಲಿ ಹೇಳುವುದಿಲ್ಲ. ಆ ವರ್ಷದ ಬೇಸಿಗೆಯಲ್ಲಿ ನಿಜಾಮರ ಪರ ನಿಂತ ರಜಾಕಾರರು ಗೋರಟಾ ಹಳ್ಳಿಯಲ್ಲಿ ಮಾಡಿದ ಹತ್ಯೆ. ಹಳ್ಳಿ ಬಿಟ್ಟು ಗಡಿಯಾಚೆ ಸೊಲ್ಲಾಪುರದ ಸೀಮೆಗೆ ಓಡಿದ ಕುಟುಂಬಗಳು. ನಿಜಾಮರ ಸಂಸ್ಥಾನವನ್ನು ಭಾರತಕ್ಕೆ ಸೇರಿಸಲು ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಪೊಲೀಸ್ ಆಕ್ಷನ್. ಅದರ ಬೆನ್ನಿಗೇ ಮುಸ್ಲಿಮರ ಮೇಲೆ ಬಿದ್ದ ಸೇಡು. ಆ ಸೇಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವೂ ಒಂದೆಂದು ಪಂಡಿತ ಸುಂದರಲಾಲ್ ಸಮಿತಿಯ ವರದಿ ಹೇಳಿತು. ಎರಡೂ ನೋವುಗಳನ್ನು ಒಂದೇ ಉಸಿರಿನಲ್ಲಿ ಹೇಳಬೇಕು ಎಂಬುದು ನನ್ನ ನಂಬಿಕೆ. ಒಂದನ್ನು ಹೇಳಿ ಇನ್ನೊಂದನ್ನು ನುಂಗಿದರೆ ಈ ಊರು ಹೇಗೆ ಬೆಳೆಯಿತು ಎಂಬುದೇ ತಿಳಿಯುವುದಿಲ್ಲ. ಬೀದರದ ಮೊದಲ ಬೆಳವಣಿಗೆ ಆ ಅಂಜಿಕೆಯಿಂದಲೇ ಆಯಿತು. ಹೈದರಾಬಾದಿಗೆ ಹೋದವರ ಮನೆಗಳು ಖಾಲಿ ಬಿದ್ದವು, ಹಳ್ಳಿಯಲ್ಲಿ ಇರಲಾರೆವು ಎಂದವರು ಪೇಟೆಯ ಬಾಡಿಗೆ ಖೋಲಿಗೆ ಬಂದರು.

ಚಹಾದ ಬಟ್ಟಲು ಇಟ್ಟು ಶಹಾಗಂಜ್ ದರವಾಜಾದ ಕಡೆ ಹೊರಡೋಣ. ಹಾದಿಯಲ್ಲಿ ಬಿದರಿ ಕೆಲಸದ ಅಂಗಡಿಗಳ ಬಾಗಿಲು ಒಂದೊಂದಾಗಿ ತೆರೆಯುತ್ತಿವೆ. ಒಳಗೆ ಉಳಿಯ ಸಣ್ಣ ಟಕಟಕ. ಈ ಕೆಲಸದ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಇಡೀ ಓಣಿ ಹಿಗ್ಗಿತ್ತು. ಆದರೆ ಎಷ್ಟೋ ಮನೆಗಳ ಹುಡುಗರು ಈಗ ಉಳಿ ಹಿಡಿಯುವ ಬದಲು ಮೊಬೈಲ್ ರಿಪೇರಿಗೆ, ಆಟೋಗೆ, ಕೊಲ್ಲಿಯ ದೇಶಗಳಿಗೆ ಹೋಗುತ್ತಾರೆ.

ದರವಾಜಾ ದಾಟಿದ ಕೂಡಲೇ ಹಾದಿ ಅಗಲವಾಗುತ್ತದೆ, ಹಾರನ್ನಿನ ಸದ್ದು ಏರುತ್ತದೆ. ಅಂಬೇಡ್ಕರ್ ವೃತ್ತ, ಶಿವಾಜಿ ವೃತ್ತ, ಭಗತ್ ಸಿಂಗ್ ವೃತ್ತ, ಬಸವೇಶ್ವರ ವೃತ್ತ, ಕನ್ನಡಾಂಬೆ ವೃತ್ತ, ಮಡಿವಾಳ ವೃತ್ತ, ಹರಳಯ್ಯ ವೃತ್ತ, ಬೊಮ್ಮಗೊಂಡೇಶ್ವರ ವೃತ್ತ. ಒಳಗಿನ ಊರಿಗೆ ಚೌಬಾರಾ ಒಂದೇ ನಡುವಾದರೆ ಹೊರಗಿನ ಊರಿಗೆ ಇಷ್ಟೊಂದು ನಡುಗಳು. ಒಂದೊಂದು ಸಮುದಾಯ ಪೇಟೆಗೆ ಬಂದು ನೆಲೆ ನಿಂತು, ತನ್ನವರೊಬ್ಬರ ಹೆಸರನ್ನು ಕೂಡುಹಾದಿಯಲ್ಲಿ ನಿಲ್ಲಿಸಿದ ಇತಿಹಾಸ ಇದು. ಯಾರು ಯಾವಾಗ ಬಂದರು ಎಂಬುದನ್ನು ಯಾವ ಗೆಜೆಟಿಯರಿಗಿಂತಲೂ ಈ ವೃತ್ತಗಳು ಚೆನ್ನಾಗಿ ಹೇಳುತ್ತವೆ.

1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಮೂರು ಹೋಳಾಯಿತು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ; ಜಹೀರಾಬಾದ, ನಾರಾಯಣಖೇಡ ಆಂಧ್ರಕ್ಕೆ; ಬೀದರ, ಭಾಲ್ಕಿ, ಹುಮನಾಬಾದ, ಔರಾದಗಳು ಮೈಸೂರಿಗೆ. ಅಲ್ಲಿಯವರೆಗೆ 140 ಕಿಲೋಮೀಟರ್ ಆಚೆಯ ಹೈದರಾಬಾದು ರಾಜಧಾನಿಯಾಗಿತ್ತು, ಮರುದಿನದಿಂದ 700 ಕಿಲೋಮೀಟರ್ ಆಚೆಯ ಬೆಂಗಳೂರು ರಾಜಧಾನಿ. ಬೀಗತನಗಳು ಗಡಿಯ ಆ ಕಡೆ, ಪಹಣಿ ಈ ಕಡೆ. ದೂರದ ರಾಜಧಾನಿ ಈ ಊರಿಗೆ ಕಾರ್ಖಾನೆಗಿಂತ ಮೊದಲು ಕಚೇರಿಗಳನ್ನು ಕಳಿಸಿತು. ಜಿಲ್ಲಾಧಿಕಾರಿ, ಲೋಕೋಪಯೋಗಿ, ಕೆಇಬಿ, ನ್ಯಾಯಾಲಯ. ಅವುಗಳ ಹಿಂದೆ ಗುಮಾಸ್ತರು, ಮಾಸ್ತರರು, ಅವರ ಬಾಡಿಗೆ ಮನೆ, ಅವರ ಕಾಲೊನಿ. ಕೋಟೆಗೋಡೆಯ ಹೊರಗೆ ಎದ್ದ ಬೀದರ ಹೀಗೆ ಸಂಬಳದವರ ಬೀದರವಾಗಿ ಎದ್ದಿತು.

ಗಾಂಧಿ ಗಂಜಿನಲ್ಲಿ ಇವತ್ತು ಕಾಲಿಡಲು ಜಾಗವಿಲ್ಲ. ತೊಗರಿ, ಉದ್ದು, ಸೋಯಾ ಚೀಲಗಳ ವ್ಯಾಪಾರ ಎಂದಿನಂತೆ ನಡೆದಿದೆ, ಆದರೆ ಗದ್ದಲ ಇರುವುದು ತರಕಾರಿಯ ಸಾಲಿನಲ್ಲಿ. ನಾಳೆ ಮನೆಮನೆಯಲ್ಲೂ ಭಜ್ಜಿ. ಹೊರಗಿನವರಿಗೆ ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದು. ಬೀದರದವರಿಗೆ ಅದು ಹೊಲದಲ್ಲಿ ಆ ತಿಂಗಳು ಹಸಿರಾಗಿರುವುದನ್ನೆಲ್ಲ ಒಂದು ಗಡಿಗೆಯಲ್ಲಿ ಕೂಡಿಸಿ ಬೇಯಿಸಿದ್ದು. ಬುಟ್ಟಿಯ ಮುಂದೆ ಕೂತು ನೋಡಿ: ಹಸಿ ತೊಗರಿಕಾಯಿ, ಅವರೆ, ವಟಾಣಿ, ಸುಲಿದ ಹಸಿ ಕಡಲೆ, ಮೆಂತ್ಯ, ಪಾಲಕ, ಉಳ್ಳಾಗಡ್ಡಿ ತಪ್ಪಲು, ಗಜ್ಜರಿ, ಬದನೆ, ಬಾರಿಹಣ್ಣು. ಇದಕ್ಕೆ ಕಡಲೆ ಹಿಟ್ಟು, ಹುಣಸೆ ಹುಳಿ, ಶೇಂಗಾ, ಬೆಳ್ಳುಳ್ಳಿ. ಗೇಟೆಡ್ ಕಾಲೊನಿಯಿಂದ ಕಾರಿನಲ್ಲಿ ಬಂದ ಹೆಣ್ಣುಮಗಳು ಒಂದೊಂದನ್ನೂ ಪಾವುಕಿಲೋ ತೂಗಿಸುತ್ತಿದ್ದಾಳೆ. ಮಾರುವ ಆಯಿ ಕೇಳುತ್ತಾಳೆ: "ಯಾರ ಹೊಲಕ್ಕ ಹೋಗ್ತೀರವ್ವಾ?" "ನಮ್ದು ಪ್ಲಾಟ್ ಆಯ್ತು ಆಯಿ. ಅಣ್ಣನ ಹೊಲಕ್ಕ, ಭಾಲ್ಕಿ ಕಡೀಗಿ."

'ಪ್ಲಾಟ್ ಆಯ್ತು.' ಬೀದರ ಸುತ್ತಮುತ್ತ ಈ ಎರಡು ಮಾತು ದಿನಕ್ಕೆ ಎಷ್ಟು ಸಲ ಕಿವಿಗೆ ಬೀಳುತ್ತವೋ. ಮೈಲೂರು, ಚಿದ್ರಿ, ನೌಬಾದ ಎಂಬ ಹಳ್ಳಿಗಳು ಈಗ ನಗರದ ಬಡಾವಣೆಗಳು. 2011ರ ಜನಗಣತಿಯ ಹೊತ್ತಿಗೇ ಬೀದರ ಎರಡು ಲಕ್ಷ ದಾಟಿತ್ತು. ನೌಬಾದಕ್ಕೆ ಹೋಗುವ ಆಟೋದಲ್ಲಿ ಕೂತರೆ ಎರಡೂ ಕಡೆ ಹಾಸ್ಟೆಲುಗಳ, ಕೋಚಿಂಗ್ ಕ್ಲಾಸುಗಳ ಫಲಕ. 1980ರಲ್ಲಿ ಗುರು ನಾನಕ್ ದೇವ್ ಇಂಜಿನಿಯರಿಂಗ್ ಕಾಲೇಜು ಬಂತು. 1989ರಲ್ಲಿ ಶಾಹೀನ್ ಶಾಲೆ ಸಣ್ಣದಾಗಿ ಶುರುವಾಯಿತು, ಇವತ್ತು ಅಲ್ಲಿಗೆ ಬೇರೆ ರಾಜ್ಯಗಳಿಂದಲೂ ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಓದಲು ಮಕ್ಕಳು ಬರುತ್ತಾರೆ. 2007ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು, ಬ್ರಿಮ್ಸ್. ಅದಕ್ಕೂ ಮೊದಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯ. ಗಂಜಿನ ಹಿಂದಿನ ಓಣಿಗಳಲ್ಲಿ ಮನೆಯ ಮೇಲೆ ಮನೆ ಏರಿಸಿ ಖೋಲಿ ಬಾಡಿಗೆಗೆ ಕೊಟ್ಟವರ ಹೊಟ್ಟೆ ತುಂಬುತ್ತಿರುವುದು ಈ ಮಕ್ಕಳಿಂದ. ರೊಟ್ಟಿ ಬಡಿದು ಮಾರುವ ಕೇಂದ್ರಗಳೂ ಅವರಿಂದಲೇ ನಡೆಯುತ್ತವೆ. ಕುಳ್ಳು, ತೊಗರಿಕಟ್ಟಿಗೆಯ ಒಲೆಯಲ್ಲಿ ಮನೆಮನೆಯಲ್ಲೂ ಸುಡುತ್ತಿದ್ದ ಜೋಳದ ರೊಟ್ಟಿ ಈಗ ಗ್ಯಾಸಿನ ಮೇಲೆ, ಲೆಕ್ಕದ ಮೇಲೆ ಆಗುತ್ತದೆ. ಹಿಟ್ಟು ನಾದುವವರು ಹಳ್ಳಿಯಿಂದ ಬಂದ ಹೆಣ್ಣುಮಕ್ಕಳು, ಎಷ್ಟೋ ಮಂದಿಗೆ ತಮ್ಮ ಕೈಗೆ ಬಂದ ಮೊದಲ ದುಡ್ಡು ಅದು.

ತಲೆಯ ಮೇಲೆ ಗುಡುಗು. ಆಟೋದವನು ಮಾತು ಅರ್ಧಕ್ಕೇ ನಿಲ್ಲಿಸಿ, ವಿಮಾನ ಹಾದುಹೋದ ಮೇಲೆ ಅದೇ ಅಕ್ಷರದಿಂದ ಮುಂದುವರಿಸುತ್ತಾನೆ. ವಾಯುಪಡೆಯ ಹುಡುಗರು ಇಲ್ಲಿ ವಿಮಾನ ಓಡಿಸುವುದನ್ನು ಕಲಿಯುತ್ತಾರೆ, 2008ರಿಂದ ಹಾಕ್ ವಿಮಾನಗಳಲ್ಲಿ. ಅದೇ ಓಡುದಾರಿಗೆ 2020ರ ಫೆಬ್ರವರಿಯಲ್ಲಿ ಬೆಂಗಳೂರಿನ ನಾಗರಿಕ ವಿಮಾನವೂ ಬಂದಿಳಿಯಿತು. ಬೀದರದ ಶಾಲೆಗಳಲ್ಲಿ ಮಾಸ್ತರರು ಪಾಠದ ನಡುವೆ ಸುಮ್ಮನಾಗುವುದು, ಮತ್ತೆ ಶುರು ಮಾಡುವುದು ಎಷ್ಟು ರೂಢಿಯಾಗಿದೆಯೆಂದರೆ ಮಕ್ಕಳು ತಲೆ ಕೂಡ ಎತ್ತುವುದಿಲ್ಲ.

ನೌಬಾದದಲ್ಲಿ ಇಳಿಯಿರಿ. ಇಲ್ಲಿ ಒಂದನ್ನು ನಿಮಗೆ ಹತ್ತಿರದಿಂದ ತೋರಿಸಬೇಕು. ರಸ್ತೆ ಬಿಟ್ಟು ಮನೆಗಳ ಹಿಂದೆ ಬಂದರೆ ನೆಲದಲ್ಲಿ ಚೌಕಾಕಾರದ ಒಂದು ಬಾಯಿ. ಬಗ್ಗಿ ನೋಡಿ. ಕೆಂಪು ಕಲ್ಲನ್ನು ಉಳಿಯಿಂದ ಕೊರೆದ ಗುರುತು ಗೋಡೆಯ ಉದ್ದಕ್ಕೂ ಇದೆ. ಕೆಳಗೆ ಕತ್ತಲು, ಒಂದು ಕಲ್ಲು ಬಿಟ್ಟರೆ ಕ್ಷಣ ಕಳೆದ ಮೇಲೆ ನೀರಿನ ಸಪ್ಪಳ. ಇದು ಸುರಂಗ ಬಾವಿ, ಬಹಮನಿಗಳ ಕಾಲದಲ್ಲಿ ಪರ್ಷಿಯಾದ ಕಡೆಯಿಂದ ಬಂದ ಕರೇಜ್ ವಿದ್ಯೆ. ಬೀದರ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಹಾಸಿನ ಮೇಲೆ. ಆ ಕಲ್ಲಿನ ತುಂಬ ಸೂಕ್ಷ್ಮ ತೂತುಗಳಿವೆ, ಮಳೆ ನೀರನ್ನು ಅದು ಕುಡಿದು ಕೆಳಗಿಳಿಸುತ್ತದೆ. ಕೆಳಗೆ ಕರಿಗಲ್ಲು, ಅದು ನೀರನ್ನು ಬಿಡುವುದಿಲ್ಲ. ಎರಡೂ ಕೂಡುವ ಕಡೆ ನೀರು ಅಡ್ಡಡ್ಡ ಹರಿಯುತ್ತದೆ. ಆ ಗೆರೆಯನ್ನು ಹಿಡಿದು ಎರಡು ಕಿಲೋಮೀಟರಿಗೂ ಹೆಚ್ಚು ಉದ್ದ ಸುರಂಗ ತೋಡಿ, ನಡುನಡುವೆ ಈ ಬಾಯಿಗಳನ್ನು ಕೊರೆದು, ಯಂತ್ರದ ಹಂಗಿಲ್ಲದೆ ಊರಿಗೆ ನೀರು ತಂದವರಿಗೆ ಈ ನೆಲದ ಗುಣ ಅಂಗೈಯಷ್ಟು ತಿಳಿದಿತ್ತು. 2014ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಬೀದರವನ್ನು ಗಂಡಾಂತರದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಇದರ ಹೂಳು ತೆಗೆಯುವ ಕೆಲಸ ಜೋರಾಯಿತು.

ಈಗ ತಲೆ ಎತ್ತಿ ಸುತ್ತ ನೋಡಿ. ಬಾಯಿಯಿಂದ ಬಾಯಿಗೆ ಹೋಗುವ ಗೆರೆಯ ಅಕ್ಕಪಕ್ಕದಲ್ಲಿ ಕಟ್ಟಡಗಳು, ಕಟ್ಟಡಕ್ಕೊಂದು ಬೋರು, ಅಂಗಳಕ್ಕೆ ಕಾಂಕ್ರೀಟು. ನೀರು ಕುಡಿಯುವ ನೆಲದ ಬಾಯಿ ಮುಚ್ಚಿ, ಅದೇ ನೆಲದ ಹೊಟ್ಟೆಯಿಂದ ನೀರು ಎಳೆಯುತ್ತಿದ್ದೇವೆ. ಬೀದರದ ಬೆಳವಣಿಗೆಯಲ್ಲಿ ನನಗೆ ನಿಜವಾಗಿ ಸಂಕಟವಾಗುವುದು ಇಲ್ಲಿ. ಮನೆ ಬೇಕು, ಸರಿ. ಹಳ್ಳಿಯಿಂದ ಮಕ್ಕಳನ್ನು ಓದಿಸಲು ಬಂದವನಿಗೆ ಮೂವತ್ತು ನಲವತ್ತರ ಒಂದು ಪ್ಲಾಟು ಬೇಡ ಎನ್ನಲು ನಾನ್ಯಾರು? ಆದರೆ ಲೇಔಟಿನ ನಕ್ಷೆಗೆ ಮಂಜೂರಿ ಕೊಡುವಾಗ ಈ ಸುರಂಗದ ನಕ್ಷೆಯನ್ನು ಪಕ್ಕದಲ್ಲಿ ಹರಡಿಕೊಂಡು ನೋಡುವಷ್ಟು ವ್ಯವಧಾನ ಈ ಊರಿಗೆ ಬೇಕು, ಇನ್ನೂ ಹೊತ್ತು ಮೀರಿಲ್ಲ.

ಮರುದಿನ ಅಮಾವಾಸ್ಯೆ. ಬೀದರ ನಿಲ್ದಾಣದಲ್ಲಿ ಭಾಲ್ಕಿಯ ಕಡೆ ಹೋಗುವ ಗಾಡಿಗೆ ಬುತ್ತಿಗಂಟುಗಳ ಸಾಲು. ವಿಕಾರಾಬಾದದಿಂದ ಬೀದರ, ಭಾಲ್ಕಿ, ಕಮಲನಗರ, ಉದಗೀರಗಳ ಮೇಲೆ ಪರಳಿಗೆ ಹೋಗುವ ಈ ಹಳಿಯನ್ನು ಹಾಕಿಸಿದ್ದು ನಿಜಾಮ ಸರಕಾರ. ಆಮೇಲೆ ಎಷ್ಟೋ ದಶಕ ಜಿಲ್ಲೆಗೆ ಇದೊಂದೇ ಹಳಿ. ತಮ್ಮದೇ ರಾಜ್ಯದ ಕಲಬುರಗಿಗೆ ರೈಲಿನಲ್ಲಿ ಹೋಗಬೇಕೆಂದರೆ ಬೀದರದವರು ಪಕ್ಕದ ರಾಜ್ಯದ ವಿಕಾರಾಬಾದ ಸುತ್ತಿ ಹೋಗಬೇಕಿತ್ತು. ಹುಮನಾಬಾದದ ಮೇಲೆ ಕಲಬುರಗಿಗೆ ಹೋಗುವ 110 ಕಿಲೋಮೀಟರ್ ಹಳಿ ಪೂರ್ತಿಯಾಗಿ ತೆರೆದದ್ದು 2017ರ ಅಕ್ಟೋಬರ್ 29ರಂದು. ಅಂದು ನಿಲ್ದಾಣದಲ್ಲಿ ಮಂದಿ ಇಂಜಿನ್ನಿಗೆ ಹೂವು ಹಾಕಿದ್ದರಲ್ಲಿ ಆಶ್ಚರ್ಯವೇನಿಲ್ಲ, ರಾಜ್ಯ ಸೇರಿ 61 ವರ್ಷದ ಮೇಲೆ ಆ ರಾಜ್ಯದೊಳಗೇ ಹೋಗುವ ನೇರ ಹಳಿ ಸಿಕ್ಕಿತ್ತು.

ಗಾಡಿ ಹೊರಟು ಸ್ವಲ್ಪ ಹೊತ್ತಿಗೆ ಕಿಟಕಿಯಾಚೆಯ ನೆಲ ಬಣ್ಣ ಬದಲಿಸುತ್ತದೆ. ಕೆಂಪು ಮುಗಿದು ಎರೆ ಶುರು. ಖಾನಾಪುರ, ಹಾಲಬರ್ಗಾ ದಾಟಿದರೆ ಎರಡೂ ಕಡೆ ಕಬ್ಬು, ತೊಗರಿ, ಕಡಲೆ, ಬಿಳಿಜೋಳ. ಕಬ್ಬಿನ ಹಿಂದೆ ಕಾರಂಜಾ ನೀರಿದೆ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಹತ್ತಿರ ಕಟ್ಟಿದ ಆ ಜಲಾಶಯ ಒಂದಷ್ಟು ಹೊಲಗಳಿಗೆ ನೀರು ಕೊಟ್ಟಿತು, ಇನ್ನೊಂದಷ್ಟು ಹೊಲಗಳನ್ನು ನೀರಿನಡಿ ಹಾಕಿತು. ಮುಳುಗಿದ ಹೊಲದ ರೈತರು ಸರಿಯಾದ ಪರಿಹಾರ ಕೇಳಿ ವರ್ಷಗಟ್ಟಲೆ ಧರಣಿ ಕೂತಿದ್ದಾರೆ. ಭೂಮಿ ಕಳೆದುಕೊಂಡು ಬೀದರ, ಭಾಲ್ಕಿಗಳ ಅಂಚಿಗೆ ಬಂದು ಹಮಾಲಿ ಮಾಡುವವರನ್ನು ಎಣಿಸಿದರೆ, ಪೇಟೆ ಬೆಳೆದದ್ದರಲ್ಲಿ ಅವರ ಪಾಲೂ ಇದೆ ಎಂದು ಒಪ್ಪಬೇಕಾಗುತ್ತದೆ.

ಒಂದು ತಾಸಿನೊಳಗೆ ಭಾಲ್ಕಿ. ನಿಲ್ದಾಣದಿಂದ ಪೇಟೆಗೆ ನಡೆಯುವಾಗ ಅಂಗಡಿಗಳ ಬಾಗಿಲು ಮುಚ್ಚಿವೆ. ನಡುಹಾದಿಯಲ್ಲಿ ಕ್ರಿಕೆಟ್ ಆಡಬಹುದು, ಆದರೆ ಆಡುವ ಹುಡುಗರೂ ಹೊಲಕ್ಕೆ ಹೋಗಿದ್ದಾರೆ. ನಲವತ್ತು ಸಾವಿರದ ಆಸುಪಾಸಿನ ಊರು ವರ್ಷಕ್ಕೊಮ್ಮೆ ಹೀಗೆ ಬರಿದಾಗುತ್ತದೆ.

ಹಿರೇಮಠದ ಮುಂದೆ ಒಂದು ಗಳಿಗೆ ನಿಲ್ಲಿ. ನಿಜಾಮರ ಆಡಳಿತದಲ್ಲಿ ಕನ್ನಡ ಕಲಿಸುವುದು ಕಷ್ಟವಾಗಿದ್ದಾಗ ಈ ಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಪಾಠ ನಡೆಸಿದರು. ಜೋಳಿಗೆ ಹಿಡಿದು ಮನೆಮನೆ ತಿರುಗಿ ಮಕ್ಕಳಿಗೆ ಅನ್ನ ಹಾಕಿದರು. 1999ರವರೆಗೆ ಬಾಳಿದ ಆ ಹಿರಿಯರು ಬಸವಕಲ್ಯಾಣದಲ್ಲಿ ಅನುಭವ ಮಂಟಪವನ್ನೂ ಕಟ್ಟಿಸಿದರು. ಅವರ ಶಾಲೆಯಲ್ಲಿ ಓದಿದ ಹುಡುಗರು 1956ರ ಮೇಲೆ ಈ ಜಿಲ್ಲೆಯ ಕನ್ನಡ ಕಚೇರಿಗಳಿಗೆ, ಕನ್ನಡ ಶಾಲೆಗಳಿಗೆ ನೌಕರರಾಗಿ ಸಿಕ್ಕರು. ಭಾಲ್ಕಿ ದೊಡ್ಡದಾದದ್ದರ ಬೇರು ಆ ಪಾಠದ ಖೋಲಿಯಲ್ಲಿದೆ. ಎಂಬತ್ತರ ದಶಕದಲ್ಲಿ ಇಷ್ಟು ಸಣ್ಣ ಊರಿಗೆ ಗ್ರಾಮೀಣ ಇಂಜಿನಿಯರಿಂಗ್ ಕಾಲೇಜು ಬಂದದ್ದೂ ಆ ಓದಿನ ಹಂಬಲದ ಮುಂದುವರಿಕೆಯೇ.

ಊರಾಚೆಯ ಹೊಲಕ್ಕೆ ಹೋಗೋಣ. ಜೋಳ ಎದೆಮಟ್ಟ ನಿಂತಿದೆ, ತೆನೆ ಹಾಲುಗಟ್ಟುವ ಹೊತ್ತು. ಹೊಲದ ನಡುವೆ ಜೋಳದ ದಂಟಿನ ಕೊಂಪೆ. ಒಳಗೆ ಸುಣ್ಣ ಬಳಿದ ಐದು ಕಲ್ಲು, ಪಾಂಡವರು. ಮನೆಯ ಹಿರಿಯ ಭಜ್ಜಿ, ಅಂಬಲಿ, ಸಜ್ಜೆರೊಟ್ಟಿಯನ್ನು ಎಡೆಯಿಟ್ಟು, ಹೊಲದ ನಾಲ್ಕೂ ಕಡೆ ಚರಗ ಚೆಲ್ಲುತ್ತ ಕೂಗುತ್ತ ಹೋಗುತ್ತಾನೆ. ಹಿಂದೆ ನಡೆಯುವವರಲ್ಲಿ ಪುಣೆಯಿಂದ ರಾತ್ರಿ ಬಸ್ಸಿಗೆ ಬಂದ ಸಾಫ್ಟ್‌ವೇರ್ ಮಗ, ಬೀದರದಲ್ಲಿ ನರ್ಸ್ ಆಗಿರುವ ಸೊಸೆ, ಹೈದರಾಬಾದಿನಿಂದ ಬಂದ ಬೀಗರು. ಸೊಸೆ ಕೊಂಪೆಯ ನೆರಳಲ್ಲಿ ಕೂತು ಗಡಿಗೆಯಿಂದ ಭಜ್ಜಿ ಬಡಿಸುತ್ತಾಳೆ. ತಿಂದು ನೋಡಿ: ಮೊದಲು ಹುಳಿ, ಆಮೇಲೆ ಹಸಿ ಕಡಲೆಯ ಸಿಹಿ, ಕೊನೆಗೆ ಗಂಟಲಲ್ಲಿ ಮೆಂತ್ಯದ ಕಹಿ. ತಣ್ಣನೆ ಅಂಬಲಿ ಕುಡಿದರೆ ಬಿಸಿಲು ಇಳಿಯುತ್ತದೆ. ಹಾದಿಯಲ್ಲಿ ಹೋಗುವ ಯಾರನ್ನೂ ಇಂದು ಹಾಗೆಯೇ ಬಿಡುವುದಿಲ್ಲ. "ಬರ್ರಿ ಅಣ್ಣಾ, ಎಲ್ಲಿ ಹೊಂಟೀರಿ, ಉಂಡು ಹೋಗ್ರಿ." ಮುಸ್ಲಿಂ ಗೆಳೆಯರು, ಬ್ಯಾಂಕಿನ ಮ್ಯಾನೇಜರು, ಕರೆಂಟಿನವರು, ಎಲ್ಲರೂ ಒಂದೇ ಚಾಪೆಯ ಮೇಲೆ.

ಊಟದ ಮೇಲೆ ಅಣ್ಣತಮ್ಮಂದಿರ ಮಾತು ಹೊಲದ ಮೇಲೇ ಬರುತ್ತದೆ. ರಸ್ತೆಗೆ ಹತ್ತಿದ ಹೊಲ, ಎನ್ಎ, ಅಂದರೆ ಕೃಷಿಯೇತರ, ಮಾಡಿಸಿದರೆ ಎಕರೆಗೆ ಏನು ಬೆಲೆ ಎಂದು ಕಿರಿಯವ ಫೋನಿನಲ್ಲಿ ಲೆಕ್ಕ ತೋರಿಸುತ್ತಾನೆ. ಸೋಯಾದ ದರ ಬಿದ್ದಿದೆ, ಆಳು ಸಿಗುವುದಿಲ್ಲ, ಅವನ ಮಾತಿನಲ್ಲಿ ಸುಳ್ಳಿಲ್ಲ. ಹಿರಿಯವ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳುತ್ತಾನೆ: "ಎಲ್ಲಾ ಖರೆ ತಮ್ಮಾ. ಮುಂದಿನ ಎಳ್ಳಮಾಸಿಗಿ ಎಲ್ಲಿ ಕುಂದ್ರಬೇಕು ಅಷ್ಟ ಹೇಳು." ಕಿರಿಯವ ಉತ್ತರ ಕೊಡುವುದಿಲ್ಲ. ಆ ಮಾತು ಅಂದು ಬಗೆಹರಿಯುವುದೂ ಇಲ್ಲ.

ಹಬ್ಬದ ಮರುದಿನ ಔರಾದದ ಕಡೆ ಹೊರಡೋಣ. ಅಲ್ಲಿಗೆ ರೈಲಿಲ್ಲ. ಬೀದರದಿಂದ ಜನವಾಡ, ಕೌಠಾದ ಹತ್ತಿರ ಮಾಂಜ್ರಾ ನದಿಯ ಸೇತುವೆ, ಸಂತಪೂರ, ಆಮೇಲೆ ಔರಾದ. ಬಸ್ಸಿನಲ್ಲಿ ಗಂಡಸರಿಗಿಂತ ಹೆಣ್ಣುಮಕ್ಕಳೇ ಹೆಚ್ಚು. 2023ರ ಜೂನಿನಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಈ ಹಾದಿಯ ಮುಖವೇ ಬದಲಾಗಿದೆ. ಲಂಬಾಣಿ ತಾಂಡಾದ ಅಜ್ಜಿ ಕಣ್ಣು ತೋರಿಸಲು ಜಿಲ್ಲಾ ಆಸ್ಪತ್ರೆಗೆ ಹೋಗಿ ಬರುತ್ತಿದ್ದಾಳೆ. ಇಬ್ಬರು ಹುಡುಗಿಯರು ದಿನಾ ಕಾಲೇಜಿಗೆ ಹೋಗಿ ಬರುತ್ತಾರೆ. ಹಾಸ್ಟೆಲಿನ ಖರ್ಚಿಲ್ಲದ್ದರಿಂದಲೇ ಮನೆಯಲ್ಲಿ ಓದಲು ಬಿಟ್ಟಿದ್ದಾರಂತೆ. ರಸ್ತೆ, ಡಾಂಬರು, ಸೇತುವೆಗಳ ಸಾಧನೆಯ ಪಟ್ಟಿಗಳನ್ನು ನಾನು ಬಹಳ ಓದಿದ್ದೇನೆ. ಒಬ್ಬ ಅಜ್ಜಿ ಯಾರನ್ನೂ ರೊಕ್ಕ ಕೇಳದೆ ತನ್ನ ಕಣ್ಣು ತಾನೇ ತೋರಿಸಿಕೊಂಡು ಬರುವುದು ನನಗೆ ಅವೆಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಔರಾದ ಇಪ್ಪತ್ತು ಸಾವಿರದ ಆಸುಪಾಸಿನ ಊರು. ಅಮರೇಶ್ವರ ಗುಡಿ, ತಹಶೀಲ ಕಚೇರಿ, ಬಸ್ ನಿಲ್ದಾಣ, ಇವುಗಳ ನಡುವೆ ಒಂದು ಉದ್ದನೆ ಪೇಟೆ. ಅಂಗಡಿಯವನು ಗಿರಾಕಿಯ ಮುಖ ನೋಡಿ ಕನ್ನಡ, ಮರಾಠಿ, ಉರ್ದು ಬದಲಿಸುತ್ತಾನೆ. ನಾರಾಯಣಖೇಡದ ಕಡೆಯವರು ಬಂದರೆ ತೆಲುಗೂ ಬರುತ್ತದೆ. ಜಾತ್ರೆಯಲ್ಲಿ ದೇವಣಿ ದನಗಳ ವ್ಯಾಪಾರಕ್ಕೆ ಮೂರೂ ಸೀಮೆಯ ರೈತರು ಸೇರುತ್ತಿದ್ದ ಊರಿದು. ಬಿಳಿ ಮೈಮೇಲೆ ಕರಿ ಮಚ್ಚೆಯ, ಹಾಲಿಗೂ ಹೊಲಕ್ಕೂ ಒದಗುವ ಆ ತಳಿ ಈಗ ಟ್ರ್ಯಾಕ್ಟರಿನ ಮುಂದೆ ಕಡಿಮೆಯಾಗುತ್ತ ಬಂದಿದೆ.

ಇಲ್ಲಿಯ ಪೇಟೆಯೂ ಕಚೇರಿ, ಶಾಲೆ, ಬಸ್ಸಿನಿಂದಲೇ ಎದ್ದದ್ದು. ಆದರೆ ಬೀದರದಲ್ಲಿ ಅಷ್ಟಾಗಿ ಕಾಣದ್ದು ಇಲ್ಲಿ ಮುಖಕ್ಕೆ ಹೊಡೆದಂತೆ ಕಾಣುತ್ತದೆ: ಓದಿದವರಿಗೂ ಓದದವರಿಗೂ ಊರಲ್ಲಿ ಕೆಲಸವಿಲ್ಲ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕದವರಿಗೆ ಸೀಟು, ನೌಕರಿಗಳಲ್ಲಿ ಮೀಸಲು ಸಿಕ್ಕಿತು, ಎಷ್ಟೋ ಮನೆಗಳ ಮೊದಲ ಡಾಕ್ಟರು, ಮೊದಲ ಇಂಜಿನಿಯರು ಅದರಿಂದ ಆದರು. ಉಳಿದವರು ಮಳೆಗಾಲ ಮುಗಿದ ಮೇಲೆ ಹೈದರಾಬಾದಿಗೆ, ಪುಣೆಗೆ, ಮುಂಬಯಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಬೇರೆ ಊರುಗಳ ಅಪಾರ್ಟ್‌ಮೆಂಟುಗಳನ್ನು ಕಟ್ಟಿ ಬಂದ ದುಡ್ಡಿನಲ್ಲಿ ಔರಾದದ ಅಂಚಿನಲ್ಲಿ ಎರಡು ಖೋಲಿಯ ಮನೆ ಎಬ್ಬಿಸುತ್ತಾರೆ. ಗಿಲಾವು ಕಾಣದ ಇಟ್ಟಿಗೆಗೋಡೆಗಳ ಸಾಲು ನೋಡಿದರೆ ಯಾರ ಮನೆಯವರು ಈ ವರ್ಷ ದುಡಿಯಲು ಹೋಗಿದ್ದಾರೆಂದು ಊರವರು ಹೇಳಬಲ್ಲರು.

ಸಂಜೆ ಬಸ್ ನಿಲ್ದಾಣದಲ್ಲಿ ಹಬ್ಬಕ್ಕೆ ಬಂದವರೆಲ್ಲ ಮರಳುವ ಗದ್ದಲ. ಬೀದರದ ಬಸ್ಸಿಗೆ ಒಂದು ಜೋಡಿ ಹತ್ತುತ್ತದೆ, ಗಂಡನ ಹೆಗಲ ಮೇಲೆ ಚೀಲ, ಹೆಂಡತಿಯ ಕೈಯಲ್ಲಿ ಎರಡು ರೊಟ್ಟಿಗಂಟು. ಇಬ್ಬರೂ ಹೈದರಾಬಾದಿಗೆ, ಒಂದು ಅಪಾರ್ಟ್‌ಮೆಂಟಿನ ಕೆಲಸಕ್ಕೆ. ಕಂಡಕ್ಟರ್ ಅವಳಿಗೆ ಶೂನ್ಯ ದರದ ಚೀಟಿ ಹರಿದು ಕೊಡುತ್ತಾನೆ, ಅದು ಬೀದರದವರೆಗೆ. ಅಲ್ಲಿಂದ ಗಡಿ ದಾಟುವ ಬಸ್ಸಿಗೆ ಅವಳೂ ದುಡ್ಡು ಕೊಡಬೇಕು. ಒಂದು ಗಂಟು ಅವರ ದಾರಿಗೆ. ಇನ್ನೊಂದು ಬೀದರದ ಹಾಸ್ಟೆಲಿನಲ್ಲಿ ಓದುವ ಮಗಳಿಗೆ, ಪರೀಕ್ಷೆ ಎಂದು ಹಬ್ಬಕ್ಕೆ ಬರಲಿಲ್ಲ. ಹಾಸ್ಟೆಲಿನ ಗೇಟು ಎಂಟಕ್ಕೆ ಮುಚ್ಚುತ್ತದೆ. ಈಗಲೇ ಆರೂವರೆ.

"ಎಂಟರೊಳಗ ಮುಟ್ಟಸ್ತೀರೇನ್ರಿ ಅಣ್ಣಾ?"

"ಕೌಠಾದಾಗ ಮಂದಿ ಭಾಳ ಹತ್ತಲಿಲ್ಲಂದ್ರ ಮುಟ್ಟಸ್ತೀನ್ರಿ ಅಕ್ಕಾ. ನೀವು ಒಳಗ ಸರೀರಿ, ಬಾಗಿಲಾ ಹಾಕ್ಬೇಕು."